ಏಳನೆಯ ಹಲಗೆ

ಏಳನೆಯದು ತನ್ನದಲ್ಲ ಎಂದು ಫೋಲ್ಕರ್ ಲಾಂಪೆಗೆ ಗೊತ್ತಾದಾಗ ಅವನ ಬಾಯಲ್ಲಿ ಚೀಸಿನ ಬ್ರೆಡ್ಡಿನ ತುಂಡಿತ್ತು. ಉಗುಳುವಂತಿರಲಿಲ್ಲ, ಕಲಾಮೇಳದ ಮಳಿಗೆಯ ನೆಲ ಅಷ್ಟು ಬೆಳ್ಳಗಿತ್ತು. ನುಂಗಿದ.

ಆರು ಚಿತ್ರದ ಹಲಗೆಗಳು ಅವನವೇ. ಎದುರುಬದುರು ಗೋಡೆಗಳಲ್ಲಿ ಮೂರು ಮೂರರಂತೆ, ದೊಡ್ಡವು, ಬೂದು ಬಣ್ಣದವು, ಶಿಸ್ತಿನಿಂದ ನಿಂತಿದ್ದವು. ಏಳನೆಯದು ಎಲ್ಲಕ್ಕಿಂತ ಚಿಕ್ಕದು. ಅದಕ್ಕೆ ನಡುಗೋಡೆ ಪೂರ್ತಿ ಬಿಟ್ಟುಕೊಟ್ಟಿದ್ದರು. ಪಕ್ಕದ ಚೀಟಿಯಲ್ಲಿ ಅವನ ಹೆಸರಿತ್ತು.

"ಸ್ವಲ್ಪ ನಗು ಮಾರಾಯ," ಅಂದಳು ಗ್ಯಾಲರಿಯ ಒಡತಿ ಗುಡುಲಾ ಓಡೆನ್‌ಥಾಲ್. "ಮ್ಯೂಸಿಯಮ್ಮಿನ ಯೆಶ್ಕೆ ಬೆಳಿಗ್ಗೆಯಿಂದ ಎರಡು ಸಲ ಬಂದು ಹೋದ. ಎರಡು ಸಲವೂ ಅದರ ಮುಂದೇ ನಿಂತಿದ್ದ. ಇಂಥದ್ದೊಂದನ್ನ ಮುಚ್ಚಿಟ್ಟಿದ್ಯಲ್ಲ, ಕಳ್ಳ."

"ಯಾರು ನೇತುಹಾಕಿದ್ದು?"

"ನಾನೇ. ಯಾಕೆ, ಎತ್ತರ ಆಯ್ತಾ?"

"ಇಲ್ಲ. ಸರಿಯಾಗಿದೆ."

ಸುಳ್ಳೇನಲ್ಲ. ಎತ್ತರ ಸರಿಯಾಗಿಯೇ ಇತ್ತು.

ಲಾಂಪೆಯ ಕೆಲಸದ ರೀತಿ ಹೀಗಿತ್ತು. ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣವನ್ನು ಮರದ ಹಲಗೆಯ ಮೇಲೆ ನಲವತ್ತು ಪದರ ಬಳಿಯುವುದು, ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಿ ಉಜ್ಜಿ ತೆಗೆಯುವುದು. ಏನು ಉಳಿಯುತ್ತದೋ ಅದೇ ಚಿತ್ರ. ಬಳಿಯುವವನು ಅವನು. ಉಜ್ಜುವವಳು ವೀಬ್ಕೆ ಟೋಮ್ಸೆನ್, ಹತ್ತೊಂಬತ್ತು ವರ್ಷದಿಂದ. ಎಲ್ಲಿ ನಿಲ್ಲಿಸಬೇಕೆಂದು ಅವನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಡುತ್ತಿದ್ದ. 'ಲಾಂಪೆಯ ಕೈಯ ಸಂಯಮ' ಎಂದು ಪತ್ರಿಕೆಗಳು ಬರೆಯುತ್ತಿದ್ದವು. ಆ ಕೈಗೆ ಒಂದು ದಿನವೂ ಗುಳ್ಳೆ ಎದ್ದದ್ದಿಲ್ಲ.

ಹೊಸ ಉಪ್ಪುಕಾಗದ ತೆಗೆದಾಗಲೆಲ್ಲ ವೀಬ್ಕೆ ಅದನ್ನು ನೇರ ಅವನ ಹಲಗೆಗೆ ಮುಟ್ಟಿಸುತ್ತಿರಲಿಲ್ಲ. ಕಿಟಕಿಯ ಪಕ್ಕ ಒರಗಿಸಿಟ್ಟ ಹಾಳು ಹಲಗೆಯೊಂದರ ಮೇಲೆ ಮೊದಲು ಉಜ್ಜಿ ನೋಡುತ್ತಿದ್ದಳು. ಉಜ್ಜಲು ಏನಾದರೂ ಇರಬೇಕಲ್ಲ. ಸಂಜೆ ಬಟ್ಟಲು ತೊಳೆಯುವ ಮುಂಚೆ ತಳದಲ್ಲಿ ಉಳಿದ ಬಣ್ಣವನ್ನು ಅದಕ್ಕೇ ಬಳಿಯುತ್ತಿದ್ದಳು. ಮೂರು ವರ್ಷ ಹೀಗೇ ನಡೆದಿತ್ತು. ಅಲ್ಲಿ ಯಾರೂ ಪೆನ್ಸಿಲಿನ ಗುರುತು ಹಾಕಿರಲಿಲ್ಲ.

ಕಳೆದ ತಿಂಗಳು ತಾಯಿಯನ್ನು ಮಣ್ಣು ಮಾಡಲು ವೀಬ್ಕೆ ತನ್ನ ಊರು ಹೂಸುಮ್‌ಗೆ ಹೋಗಿದ್ದಳು. ಅದೇ ವಾರ ಸಾಗಣೆಯವರು ಬಂದರು. ಯಾವುದನ್ನು ಕಟ್ಟಬೇಕೆಂದು ಫೋನಿನಲ್ಲಿ ಕೇಳಿದರು. ಲಾಂಪೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿದ್ದ. "ಕಿಟಕಿ ಪಕ್ಕ ಒರಗಿಸಿದ್ದೆಲ್ಲ," ಅಂದುಬಿಟ್ಟಿದ್ದ. ಊರಿನಿಂದ ಬಂದ ವೀಬ್ಕೆ "ಆ ಹಳೇ ಹಲಗೆ ಎಲ್ಲಿ?" ಎಂದು ಕೇಳಿದಾಗ "ಎಸೆದಿರಬೇಕು" ಅಂದ. ಅವಳು ಇನ್ನೊಂದು ಹಾಳು ಹಲಗೆ ಹುಡುಕಿಕೊಂಡಳು.

ಈಗ ಆ ಹಲಗೆ ಮೇಳದ ದೀಪದ ಕೆಳಗಿತ್ತು. ಲಾಂಪೆ ಅದನ್ನು ಮೊದಲ ಸಲ ನೋಡಿದ. ಮೂರು ವರ್ಷ ಅದರ ಪಕ್ಕದಲ್ಲೇ ಓಡಾಡಿದ್ದ. ಮುಂಜಾನೆ ಕಿಟಕಿಯ ಗಾಜಿಗೆ ಕೂತ ಉಸಿರಿನಂಥ ಒಂದು ಬೆಳಕು ಅದರ ಒಳಗಿನಿಂದ ಬರುತ್ತಿತ್ತು. ಚೆನ್ನಾಗಿತ್ತು. 

ಡಾಕ್ಟರ್ ಯೆಶ್ಕೆ ಮೂರನೆಯ ಸಲ ಬಂದ. ಉತ್ತರದ ಒಂದು ವಸ್ತುಸಂಗ್ರಹಾಲಯದ ನಿರ್ದೇಶಕ, ಬಡಕಲು ಮನುಷ್ಯ. ಹನ್ನೊಂದು ವರ್ಷದ ಹಿಂದೆ ಲಾಂಪೆಯ ಒಂದು ಹಲಗೆಯನ್ನು ಕೊಂಡವನು ಅವನೇ. ಆಮೇಲೆ ಯಾವ ಸಂಗ್ರಹಾಲಯವೂ ಇತ್ತ ತಲೆ ಹಾಕಿರಲಿಲ್ಲ. ಈ ಸಲವೂ ಯಾರೂ ಕೊಳ್ಳದಿದ್ದರೆ ಬರುವ ವರ್ಷ ಮೇಳಕ್ಕೆ ಅವನನ್ನು ತರುವುದಿಲ್ಲ ಎಂದು ಗುಡುಲಾ ಮುಲಾಜಿಲ್ಲದೆ ಹೇಳಿದ್ದಳು. ಅರವತ್ತೊಂದರ ಕಲಾವಿದನನ್ನು ಒಂದು ಗ್ಯಾಲರಿ ಬಿಟ್ಟರೆ ಇನ್ನೊಂದು ಎತ್ತಿಕೊಳ್ಳುವುದಿಲ್ಲ. ಅವನಿಗೆ ಅದು ಚೆನ್ನಾಗಿ ಗೊತ್ತಿತ್ತು.

"ಉಳಿದ ಆರರಲ್ಲಿ ನೀವು ಕಾಣಿಸ್ತೀರಿ, ಹೆರ್ ಲಾಂಪೆ," ಅಂದ ಯೆಶ್ಕೆ. "ಇದರಲ್ಲಿ ಎಷ್ಟು ಹುಡುಕಿದರೂ ಕಾಣಲ್ಲ. ಈ ವಯಸ್ಸಲ್ಲಿ ತನ್ನನ್ನೇ ಅಳಿಸಿಕೊಳ್ಳೋ ಧೈರ್ಯ ಎಷ್ಟು ಜನಕ್ಕಿದೆ?"

"ಅದು... ಬೇರೆ ಥರದ್ದು."

"ಬೇರೆ ಥರದ್ದೇ. ನಾನೂ ಅದನ್ನೇ ಹೇಳ್ತಿರೋದು. ಎಷ್ಟು ದಿನ ತಗೊಂಡ್ರಿ?"

"ಮೂರು ವರ್ಷ," ಅಂತು ಹಿಂದಿನಿಂದ ಒಂದು ದನಿ.

ವೀಬ್ಕೆ ನಿಂತಿದ್ದಳು. ಟಿಕೆಟ್ಟು ಅವನೇ ಕೊಟ್ಟದ್ದು, ಮರೆತಿದ್ದ. ತಾಯಿಯ ಮಣ್ಣಿಗೆ ಹೊರಟಾಗ ಹಾಕಿದ್ದ ಕಪ್ಪು ಕೋಟನ್ನೇ ಹಾಕಿಕೊಂಡು ಬಂದಿದ್ದಳು. ಅವಳಿಗಿದ್ದ ಒಳ್ಳೆಯ ಕೋಟು ಅದೊಂದೇ ಇರಬೇಕು. ಅವಳು ಹಲಗೆಯನ್ನು ನೋಡಿದಳು, ಚೀಟಿಯನ್ನು ಓದಿದಳು, ಮತ್ತೆ ಹಲಗೆಯನ್ನು ನೋಡಿದಳು.

"ನನ್ನ ಸಹಾಯಕಿ," ಅಂದ ಲಾಂಪೆ. ಆಮೇಲೆ ಅವಳಿಗೆ, "ಕಾಫಿ ಕುಡಿದ್ರಾ, ಫ್ರಾವ್ ಟೋಮ್ಸೆನ್?"

"ಕುಡಿದೆ."

"ಜನ ಜಾಸ್ತಿ ಅಲ್ವಾ ಈ ಸಲ?"

"ಚೆನ್ನಾಗಿ ನೇತುಹಾಕಿದ್ದಾರೆ," ಅಂದಳು ವೀಬ್ಕೆ.

ಹತ್ತೊಂಬತ್ತು ವರ್ಷ ಒಂದೇ ಒಲೆಯ ಮುಂದೆ ಕೈ ಕಾಯಿಸಿಕೊಂಡರೂ ಇಬ್ಬರೂ 'ನೀವು' ಬಿಟ್ಟು 'ನೀನು'ಗೆ ಇಳಿದಿರಲಿಲ್ಲ. ಮೊದಲು 'ನೀನು' ಅನ್ನಬೇಕಾದವನು ಅವನೇ, ಹಿರಿಯ, ಯಜಮಾನ. ಅಂದಿರಲಿಲ್ಲ.

ಯೆಶ್ಕೆ ಕೈಸನ್ನೆ ಮಾಡಿದ. ಬಿಳಿ ಕೈಗವಸಿನವನೊಬ್ಬ ಬಂದು ಹಲಗೆಯನ್ನು ಇಳಿಸಿ ಹಿಂಬದಿ ತಿರುಗಿಸಿದ. ಲಾಂಪೆ ಸಹಿ ಹಾಕುತ್ತಿದ್ದದ್ದು ಹಿಂಬದಿಗೇ. ಇಲ್ಲಿ ಸಹಿ ಇರಲಿಲ್ಲ. ಬರೀ ಅಂಕಿಗಳಿದ್ದವು, ಉಪ್ಪುಕಾಗದದ ನಂಬರುಗಳು, ವೀಬ್ಕೆಯ ದುಂಡು ಬರಹದಲ್ಲಿ ಸಾಲುಸಾಲಾಗಿ.

"ಇವೇನು?" ಯೆಶ್ಕೆ ಕೇಳಿದ.

ವೀಬ್ಕೆ ಲಾಂಪೆಯ ಮುಖ ನೋಡಿದಳು. ಈಗ ಹೇಳಬಹುದಿತ್ತು. ಒಂದೇ ಮಾತು, ಮೂರೋ ನಾಲ್ಕೋ ಪದ. ಗುಡುಲಾ ಅವನ ಬೆನ್ನ ಮೇಲೆ ಕೈ ಇಟ್ಟುಕೊಂಡಿದ್ದಳು. ಆ ಕೈ ಬಿಸಿಯಾಗಿತ್ತು.

"ಒಂಥರಾ ದಿನಚರಿ," ಅಂದ ಲಾಂಪೆ.

"ಅಳಿಸಬೇಡಿ, ದಯವಿಟ್ಟು. ಸಹಿ ಒಂದು ಹಾಕಿಬಿಡಿ, ನಾವು ಇವತ್ತೇ ತಗೋತೀವಿ."

ಯೆಶ್ಕೆಯ ಜೊತೆಗಿದ್ದ, ಸಂಗ್ರಹಾಲಯದ ದಾಖಲೆ ನೋಡಿಕೊಳ್ಳುವ ಹೆಂಗಸು ಚೀಲದಿಂದ ಒಂದು ಕಾರ್ಡು ತೆಗೆದಳು. ಅದರಲ್ಲಿ ಲಾಂಪೆಯ ಹೆಸರಿನ, ಹನ್ನೊಂದು ವರ್ಷದ ಹಿಂದಿನ ಮಾದರಿ ಸಹಿ. ನಕಲಿಗಳ ಕಾಟ ಹೆಚ್ಚಾದ ಮೇಲೆ ಇದೊಂದು ಪದ್ಧತಿ, ಹೊಸ ಸಹಿ ಅದಕ್ಕೆ ಹೊಂದಬೇಕು. ಮೊದಲು ಹಾಳೆಯ ಮೇಲೆ ಹಾಕಿ ತೋರಿಸಿ ಅಂದಳು. ಅವನು ಹಾಕಿದ. ಅವಳು ಹುಬ್ಬು ಗಂಟಿಕ್ಕಿದಳು. "ಇದು ಹೊಂದಲ್ವಲ್ಲ ಸರ್." ಇನ್ನೊಂದು ಹಾಕಿದ. ಅದೂ ಹೊಂದಲಿಲ್ಲ.

"ಇಷ್ಟು ಜನ ನೋಡ್ತಿದ್ರೆ ನನ್ನ ಕೈಯೂ ಓಡಲ್ಲ," ಅಂತ ಗುಡುಲಾ ನಗುತ್ತ, ಹಲಗೆ, ಹಾಳೆ, ಕಾರ್ಡಿನ ಸಮೇತ ಅವನನ್ನು ಮಳಿಗೆಯ ಹಿಂದಿನ ಗೂಡಿಗೆ ತಳ್ಳಿದಳು. ಕೋಟುಗಳನ್ನೂ ವೈನ್ ಬಾಟಲಿಗಳನ್ನೂ ಇಡುವ ಜಾಗ. ಹಲಗೆ ಹಿಡಿದುಕೊಳ್ಳಲು ವೀಬ್ಕೆಯೂ ಬಂದಳು. ಬಾಗಿಲು ಹಾಕಿಕೊಂಡಿತು.

ಅವನು ಬರೆದ. ಕಾರ್ಡಿನ ಸಹಿಯಲ್ಲಿ ಅವನ ಹೆಸರು ಸಲೀಸಾಗಿ, ಒಂದೇ ಉಸಿರಿನಲ್ಲಿ ಹರಿದಿತ್ತು. ಅವನ ಕೈಯಲ್ಲಿ ಅದು ಪ್ರತಿ ಸಲ ಬೇರೆ ಕಡೆ ಎಡವುತ್ತಿತ್ತು. ಹಾಳೆ ತುಂಬುತ್ತ ಬಂತು.

"ಆವತ್ತು ಆ ಕಾರ್ಡಿಗೆ ಸಹಿ ಹಾಕಿದ್ದು ನಾನು," ಅಂದಳು ವೀಬ್ಕೆ. "ಫಾರಮ್ಮು ಗೀರಮ್ಮು ಎಲ್ಲಾ ನೀವೇ ನೋಡ್ಕೊಳ್ಳಿ ಅಂದಿದ್ರಿ."

ಅವನು ಪೆನ್ಸಿಲ್ ಕೆಳಗಿಟ್ಟ. ಹೊರಗೆ ಯಾರೋ ಜೋರಾಗಿ ನಕ್ಕರು.

"ನೀವು ಹೇಳಿಬಿಡಿ ಅವರಿಗೆ," ಅಂದ.

"ಏನಂತ?"

"ಯಾರದು ಅಂತ."

"ನಾನ್ಯಾಕೆ ಹೇಳ್ಲಿ? ಎಸೆದಿರಬೇಕು ಅಂದವರು ನೀವು."

"ಬೇಕಾದ್ರೆ ನಿಮ್ಮ ಹೆಸರೇ ಹಾಕಿ. ನಿಜವಾಗ್ಲೂ ಹೇಳ್ತಿದೀನಿ."

ನಿಜವಾಗಿಯೂ ಹೇಳಿದ್ದನೋ, ಅವಳು ಒಪ್ಪಲಾರಳೆಂಬ ಧೈರ್ಯದಿಂದ ಹೇಳಿದ್ದನೋ ಅವನಿಗೇ ತಿಳಿಯಲಿಲ್ಲ. ನಾಚಿಕೆಯಾಯಿತು.

ವೀಬ್ಕೆ ಮೆಲ್ಲಗೆ ನಕ್ಕಳು. "ಹಾಕಿದ್ರೆ ಆಮೇಲೆ ಉಳಿದ ಆರು ಯಾರು ಉಜ್ಜಿದ್ದು ಅಂತ ಕೇಳ್ತಾರೆ, ಹೆರ್ ಲಾಂಪೆ. ಅದಕ್ಕೂ ಮುಂಚಿನವು ಯಾರು ಉಜ್ಜಿದ್ದು ಅಂತ ಕೇಳ್ತಾರೆ. ಎಲ್ಲಿಗೆ ಹೋಗ್ತೀರಿ ನೀವು?"

ಅವನು ಹಾಳೆಯನ್ನು ಮಡಿಸತೊಡಗಿದ. ಅವಳು ಪೆನ್ಸಿಲ್ ಎತ್ತಿಕೊಂಡು, ತನ್ನ ಅಂಕಿಗಳ ಕೆಳಗೆ, ಬಗ್ಗಿ, ಒಂದೇ ಎಳೆತದಲ್ಲಿ ಅವನ ಹೆಸರು ಬರೆದಳು. ಆಮೇಲೆ ಬೆರಳಿನಿಂದ ಹಲಗೆಯ ಅಂಚನ್ನು ಒಂದು ಸಲ ಸವರಿದಳು. ಧೂಳು ಒರೆಸುವ ಅಭ್ಯಾಸವೋ ಏನೋ.

"ಸೋಮವಾರ ಎಷ್ಟು ಹೊತ್ತಿಗೆ ಬರ್ತೀರಿ?" ಕೇಳಿದ ಲಾಂಪೆ.

"ಸೋಮವಾರ ಬರಲ್ಲ," ಅಂದಳು. "ಸ್ಟುಡಿಯೋ ಬೀಗದಕೈ ಅಂಚೇಲಿ ಕಳಿಸ್ತೀನಿ."

ದಾಖಲೆಯ ಹೆಂಗಸು ಕಾರ್ಡನ್ನೂ ಹಲಗೆಯನ್ನೂ ಅಕ್ಕಪಕ್ಕ ಹಿಡಿದು ನೋಡಿದಳು. "ಈಗ ಸರಿಹೋಯ್ತು ನೋಡಿ. ಸುಮ್ನೆ ಗಾಬರಿ ಆಗಿದ್ರಿ." ಯೆಶ್ಕೆ ಕೈ ಕುಲುಕಿದ. ಗುಡುಲಾ ಕೆನ್ನೆಗೆ ಮುತ್ತಿಟ್ಟಳು. ಯಾರೋ ಸಣ್ಣ ಲೋಟದಲ್ಲಿ ಬಿಯರ್ ತಂದುಕೊಟ್ಟರು. ವೀಬ್ಕೆ ಆಗಲೇ ಮಳಿಗೆ ಬಿಟ್ಟು ಹೋಗಿಯಾಗಿತ್ತು. ಜನರ ನಡುವೆ ಕಪ್ಪು ಕೋಟುಗಳು ಬೇಕಾದಷ್ಟಿದ್ದವು.

ಲಾಂಪೆ ಬಿಯರಿನ ಲೋಟವನ್ನು ಹಾಗೇ ಕೆಳಗಿಟ್ಟ. ಕೋಟು ತೊಟ್ಟು ಹೊರಟ. ಸಹಿಗಳ ಹಾಳೆ ಮಡಿಸಿದ್ದು ಕೈಯಲ್ಲೇ ಉಳಿದಿತ್ತು.

ಬಾಗಿಲಲ್ಲಿ ಕಾವಲಿನವನು ತಡೆದ. ಮೇಳದಿಂದ ಹೊರಹೋಗುವ ಪ್ರತಿ ಕಾಗದಕ್ಕೂ ಮಳಿಗೆಯವರ ಚೀಟಿ ಬೇಕು.

"ಕೈಯಲ್ಲೇನು ಸ್ವಾಮಿ?"

"ಏನಿಲ್ಲ. ಕಾಗದ."

"ಬಿಚ್ಚಿ."

ಬಿಚ್ಚಿದ. ಕಾವಲಿನವನು ಹಾಳೆಯನ್ನು ಬೆಳಕಿಗೆ ಹಿಡಿದ. ಹೆಸರಿನ ಕೆಳಗೆ ಹೆಸರು. "ಇದೂ ಒಂದು ಕಲೆನಾ? ಚೀಟಿ ಎಲ್ಲಿ?"

"ಕಲೆ ಅಲ್ಲ ಇದು."

"ಹೋಗೋವಾಗ ಎಲ್ಲರೂ ಹಂಗೇ ಅಂತಾರೆ. ಯಾರದ್ದು?"

"ನನ್ನದು."

"ಗುರುತಿನ ಚೀಟಿ ತೋರ್ಸಿ."

ತೋರಿಸಿದ. ಕಾವಲಿನವನು ಅದರಲ್ಲಿದ್ದ ಸಹಿಯನ್ನು ಹಾಳೆಯ ಪಕ್ಕ ಹಿಡಿದು ಒಂದೊಂದನ್ನೇ ಸಾವಧಾನವಾಗಿ ಹೋಲಿಸಿದ. ಹಿಂದೆ ಸಾಲು ಬೆಳೆಯುತ್ತಿತ್ತು. ಒಬ್ಬರು ಕೆಮ್ಮಿದರು.

"ಯಾವುದೂ ಹೊಂದ್ತಿಲ್ವಲ್ಲ," ಅಂದ ಕಾವಲಿನವನು. ಗುರುತಿನ ಚೀಟಿ ವಾಪಸು ಕೊಟ್ಟ. ಹಾಳೆಯನ್ನು ಮೇಜಿನ ಮೇಲಿಟ್ಟು, ಹಾರಿಹೋಗದಂತೆ ಅದರ ಮೇಲೆ ತನ್ನ ಬೀಗದಕೈ ಗೊಂಚಲಿಟ್ಟ. "ಇಲ್ಲೇ ಇರಲಿ. ಇದರ ಯಜಮಾನರು ಬಂದು ಕೇಳಿದ್ರೆ ಕೊಡ್ತೀನಿ."

ಲಾಂಪೆ ಸಾಲಿನಿಂದ ಪಕ್ಕಕ್ಕೆ ಸರಿದ. ಗೋಡೆಯ ಹತ್ತಿರ ಒಂದು ಬೆಂಚಿತ್ತು. ಅದರ ಮೇಲೆ ಕೂತ. ಮೊಣಕಾಲ ಮೇಲೆ ಕೈ ಇಟ್ಟುಕೊಂಡು, ಒಳಗಿನಿಂದ ಬರುತ್ತಿದ್ದ ಕಪ್ಪು ಕೋಟಿನ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಕಾಯತೊಡಗಿದ.