ಸೈಡ್‌ಕಾರಿನಲ್ಲಿ ಹಿಡಿಸುವ ಡೇರೆ

ವರಲಕ್ಷ್ಮಮ್ಮನ ಮೂಗಿನ ವಿಷಯ ದೇವನಹಳ್ಳಿ ಕೋಟೆಯೊಳಗೆ ತಿಳಿಯದವರಿರಲಿಲ್ಲ. ಮದುವೆಮನೆಯಲ್ಲಿ ಸಾರಿನ ಸೌಟು ಹತ್ತಿರ ಬರುತ್ತಿದ್ದಂತೆ ಅವಳು ಮುಖ ಹಿಂಡಿದಳೆಂದರೆ ಪಕ್ಕದ ಹೆಂಗಸರೂ ಎಲೆಗೆ ಕೈ ಅಡ್ಡ ಹಿಡಿಯುತ್ತಿದ್ದರು. ಅಂಥವಳು ಆವತ್ತು ಹೊಸಕೋಟೆಯಲ್ಲಿ, ಮಸ್ತಾನ್ ಸಾಹೇಬರ ಗುಜರಿ ಅಂಗಳದ ನಟ್ಟನಡುವೆ ನಿಂತಿದ್ದಳು.

ಯುದ್ಧ ಮುಗಿದು ಇನ್ನೂ ವರ್ಷ ತುಂಬಿರಲಿಲ್ಲ. ದಂಡಿನವರು ಬೇಡವೆಂದು ಬಿಟ್ಟದ್ದೆಲ್ಲ ಆ ಅಂಗಳಕ್ಕೆ ಬಂದು ಬಿದ್ದಿತ್ತು. ಬೂಸ್ಟು ಹಿಡಿದ ಬೂಟುಗಳು, ಯಾರ ಬೆವರೋ ಒಣಗಿ ಗಟ್ಟಿಯಾದ ಕಂಬಳಿಗಳು, ಹರಿದ ಸೊಳ್ಳೆಪರದೆಗಳು. ಇವೆಲ್ಲದರ ಮೇಲೆ ಇಲಿ ಉಚ್ಚೆಯ ಘಾಟು. ಅವಳಿಗೆ ನಾಲಿಗೆಯ ಮೇಲೇ ಆ ರುಚಿ ಬಂದು ಕೂತಂತಾಗಿ, ಉಗುಳು ನುಂಗುವುದಕ್ಕೂ ಅಸಹ್ಯವಾಗುತ್ತಿತ್ತು.

ಬಂದದ್ದು ಡೇರೆ ಆರಿಸುವುದಕ್ಕೆ. ಅವಳ ಗಂಡ ಗೋಪಾಲಪ್ಪ ಚಕ್ಕೋತದ ತೋಟದವನು. ದಂಡಿನ ಹರಾಜಿನಲ್ಲಿ ಒಂದು ಮೋಟಾರ್ ಸೈಕಲ್ಲು ಹಿಡಿದಿದ್ದ, ಪಕ್ಕಕ್ಕೆ ತೊಟ್ಟಿಲಿನಂಥ ಸೈಡ್‌ಕಾರು ಇದ್ದದ್ದು. ಅದರಲ್ಲಿ ಲೇಪಾಕ್ಷಿ, ಪೆನುಗೊಂಡೆ ಎಂದು ಊರೂರು ಸುತ್ತಬೇಕು, ಕಂಡಲ್ಲಿ ಬೀಡು ಬಿಡಬೇಕು ಎನ್ನುವುದು ಅವನ ಹುಚ್ಚು. ನಾನೂ ಬರುತ್ತೇನೆ ಎಂದು ವರಲಕ್ಷ್ಮಮ್ಮ ಕೇಳಿದ್ದೇ ಮನೆಯಲ್ಲಿ ದೊಡ್ಡ ಸುದ್ದಿಯಾಯಿತು. ಮದುವೆಯಾದ ಮೇಲೆ ಅವಳು ಕಂಡಿದ್ದೆಂದರೆ ಅಡಿಗೆಮನೆ, ಬಾವಿಕಟ್ಟೆ, ಅಷ್ಟೆ. ಅತ್ತೆ ಆದಿಲಕ್ಷ್ಮಮ್ಮ ಎರಡು ದಿನ ಮುಖ ತಿರುಗಿಸಿಕೊಂಡಿದ್ದು, ಕೊನೆಗೆ ಒಂದು ಮಾತು ಹೇಳಿದರು. ಸೊಸೆ ಛತ್ರದಲ್ಲಿ ಕಂಡ ಗಂಡಸರ ನಡುವೆ ಮಲಗಕೂಡದು, ಗಂಡಸರಂತೆ ಹಿಂದಿನ ಕ್ಯಾರಿಯರಿನ ಮೇಲೆ ಆಚೆಗೊಂದು ಈಚೆಗೊಂದು ಕಾಲು ಹಾಕಿ ಕೂರಕೂಡದು, ಸೈಡ್‌ಕಾರಿನಲ್ಲೇ ಕೂರಬೇಕು. ಬಟ್ಟೆಯದಾದರೂ ಸರಿ, ತಮ್ಮದೇ ನಾಲ್ಕು ಗೋಡೆ ಇರಬೇಕು. ಹಾಗಾದರೆ ಹೋಗಲಿ.

ಮಸ್ತಾನ್ ಸಾಹೇಬರು ಮೊದಲು ಬಿಚ್ಚಿಸಿದ್ದು ಅಧಿಕಾರಿಗಳ ಡೇರೆ. ಒಳಗೆ ಹಳದಿ ಅಸ್ತರು, ಕಿಟಕಿ, ಕಿಟಕಿಗೆ ಪರದೆ. ಗೋಪಾಲಪ್ಪ ಅದರ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತ ಠೀವಿ ನೋಡಿದರೆ ಇನ್ನೇನು ಸಲಾಮು ಹೊಡೆಸಿಕೊಳ್ಳುತ್ತಾನೆ ಅನ್ನಬೇಕು. ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು, ಹೇಗಿದೆ ಎಂದು ಕೇಳಿದ. ಜೊತೆಗೆ ಬಂದಿದ್ದ ಅವನ ಗೆಳೆಯ ಬೈರಣ್ಣ, ಹೆಂಡತಿ ಅಡಿಗೆ ಮಾಡಲಿಕ್ಕೂ ಬೇರೆ ಕೋಣೆ ಇದೆಯಲ್ಲಪ್ಪಾ ಎಂದು ಹೊಗಳಿದ. ಡೇರೆ ಮಡಿಸಿ, ಗಳುಗಳ ಸಮೇತ ಸೈಡ್‌ಕಾರಿಗೆ ತುರುಕಿದರು. ಬಾಯಿತನಕ ತುಂಬಿತು. ಒಂದು ಕೋಳಿ ಕೂರುವುದಕ್ಕೂ ಜಾಗ ಉಳಿಯಲಿಲ್ಲ.

ಗೋಪಾಲಪ್ಪ ತಲೆ ಕೆರೆದುಕೊಂಡ. "ಒಂದ್ ಕೆಲ್ಸ ಮಾಡನ. ಈ ಸಲ ಬೈರಣ್ಣ ಹಿಂದೆ ಕೂತ್ಕಂಡು ಬರ್ಲಿ. ಮುಂದಿನ್ ಸಲ ನಿನ್ನ ಕರ್ಕಂಡ್ ಹೋಗ್ತೀನಿ."

ಮುಂದಿನ ಸಲ ಎನ್ನುವುದು ಯಾವ ಪಂಚಾಂಗದಲ್ಲಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಲ್ಲು ಕಾಣಿಸಿ ನಿಂತ ಬೈರಣ್ಣನ ಎಲೆ‌ಅಡಿಕೆ ಬಾಯಿ ನೋಡಿ ಹೇಸಿಗೆಯಾಯಿತು. ಚಿಕ್ಕದಿದ್ದರೆ ತೋರಿಸಿ ಎಂದು ಅವಳೇ ಮಸ್ತಾನ್ ಸಾಹೇಬರನ್ನು ಕೇಳಿದಳು.

ಚಿಕ್ಕವು ಇದ್ದವು. ಒಂದನ್ನು ಕೊಡವಿದರೆ ಕಣ್ಣು ಬಿಡದ ಕೆಂಪು ಇಲಿಮರಿಗಳು ಪೊಟ್ಟಪೊಟ್ಟನೆ ಉದುರಿ ಅವಳ ಕಾಲ ಬಳಿ ಹೊರಳಾಡಿದವು. ಇನ್ನೊಂದರ ಮೂಲೆಯಲ್ಲಿ ಯಾವನೋ ಕುಡಿದು ಕಕ್ಕಿದ್ದು ಹಪ್ಪಳದಂತೆ ಒಣಗಿತ್ತು. ಮತ್ತೊಂದು, ಮುಟ್ಟಿದರೆ ಕೈಯಲ್ಲೇ ಪುಡಿಯಾಯಿತು. ಕೊನೆಗೆ ಗೋಡೆ ಮೂಲೆಯಲ್ಲಿ ಒಂಟಿಯಾಗಿ ಬಿದ್ದಿದ್ದ ಒಂದು ಸುರುಳಿಯನ್ನು ಅವಳು ತೋರಿಸಿದಾಗ, ಸಾಹೇಬರು ಯಾಕೋ ಹಿಂದೆಮುಂದೆ ನೋಡಿದರು. ಅದನ್ನು ಯಾರೋ ಕೊಂಡುಹೋಗಿ, ಏನೇನಕ್ಕೋ ಬಳಸಿ, ವಾಪಸು ಎಸೆದು ಹೋದರಂತೆ. ಬಟ್ಟೆ ಮಾತ್ರ ಗಟ್ಟಿ, ಹನಿ ನೀರು ಇಳಿಯುವುದಿಲ್ಲ ಎಂದರು.

ಬಿಚ್ಚಿದರು. ಗೋಪಾಲಪ್ಪ ಬಗ್ಗಿ ತಲೆ ಒಳಗೆ ಹಾಕಿದವನು ಮೂಗು ಮುಚ್ಚಿಕೊಂಡು ಹಾವು ಕಂಡವನಂತೆ ಹಿಂದಕ್ಕೆ ನೆಗೆದ.

"ಹೆಣ ಮಲಗ್ಸವ್ರೆ ಇದ್ರಲ್ಲಿ. ಸುಟ್ಟಾಕು ಸಾಬಿ ಇದ್ನ. ಈಗ ಮನೆಗೋಗಿ ತಲೆಗೆ ನೀರ್ ಹಾಕ್ಕೊಂಡೇ ಒಳಕ್ಕೆ ಹೋಗ್ಬೇಕು ನಾನು."

"ಲಡಾಯಿ ಮಾಲು ಗೌಡ್ರೆ, ನಂಗೇನ್ ಗೊತ್ತೈತೆ, ಹೆಣ ಇದ್ರೂ ಇರ್ಬೋದು," ಎಂದು ಸಾಹೇಬರೂ ಎರಡು ಹೆಜ್ಜೆ ಹಿಂದೆ ಸರಿದರು.

ವರಲಕ್ಷ್ಮಮ್ಮ ಅಲ್ಲೇ ನಿಂತಿದ್ದಳು. ಆ ನಾತ ಅವಳಿಗೆ ಹೆಸರು ಹಿಡಿದು ಕರೆದಷ್ಟು ಗುರುತಾಗಿತ್ತು. ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿ ಅವಳಪ್ಪನದು ರೇಷ್ಮೆ ನೂಲು ತೆಗೆಯುವ ಮನೆ. ಕುದಿಯುವ ಬಾನಿಯಲ್ಲಿ ಗೂಡು ಬೆಂದು, ನೂಲೆಲ್ಲ ಬಿಚ್ಚಿಹೋದ ಮೇಲೆ ಉಳಿಯುವ ಕಂದು ಹುಳಗಳನ್ನು ಹಿತ್ತಲಲ್ಲಿ ರಾಶಿ ಹಾಕುತ್ತಿದ್ದರು. ಬಿಸಿಲಿಗೆ ಅವು ಕೊಳೆತು ಎಣ್ಣೆ ಬಿಡುತ್ತಿದ್ದವು. ಆ ಎಣ್ಣೆಯ ನಾತ ಅನ್ನದಲ್ಲಿ, ಹಾಸಿಗೆಯಲ್ಲಿ, ಅವಳ ಜಡೆಯಲ್ಲಿ. ಇಸ್ಕೂಲಿನಲ್ಲಿ ಅವಳ ಪಕ್ಕ ಯಾರೂ ಕೂರುತ್ತಿರಲಿಲ್ಲ. ಮದುವೆಯಾಗಿ ಬಂದಾಗ ಅತ್ತೆ, ಹುಳ ಬೇಯಿಸುವ ಮನೆಯವಳು ಎಂದು ದೇವರ ಗೂಡಿನ ಹತ್ತಿರ ಬಿಟ್ಟುಕೊಳ್ಳಲು ತಿಂಗಳುಗಟ್ಟಲೆ ಸತಾಯಿಸಿದ್ದರು. ಸೀಗೆಪುಡಿ ಹಾಕಿ ಚರ್ಮ ಸುಲಿಯುವಂತೆ ಉಜ್ಜಿ ಉಜ್ಜಿ ಆ ಮಾತನ್ನು ಅವಳು ಅಳಿಸಿದ್ದಳು. ಈಗ ಬಾಯಿಬಿಟ್ಟರೆ ಬೈರಣ್ಣ ಅದನ್ನು ಸಂಜೆಯೊಳಗೆ ಕೋಟೆಗೆಲ್ಲ ಹಂಚುತ್ತಾನೆ. ಬಿಡದಿದ್ದರೆ ಸೈಡ್‌ಕಾರಿನಲ್ಲಿ ಹಳದಿ ಅಸ್ತರಿನ ಡೇರೆ ಹೋಗುತ್ತದೆ, ಅವಳು ಬಾವಿಕಟ್ಟೆಗೆ ಹೋಗುತ್ತಾಳೆ.

"ಹೆಣದ್ದಲ್ಲ ಅದು," ಎಂದಳು. "ರೇಷ್ಮೆಹುಳದ್ದು. ನೂಲ್ ತೆಗೆದಾದ್ಮೇಲೆ ಮಿಕ್ಕೋ ಹುಳದ್ದು. ಯಾರೋ ಇದ್ರಲ್ಲಿ ಕಟ್ಟಿ ಸಾಗ್ಸಿದಾರೆ. ನಮ್ಮಪ್ಪನ ಮನೇಲಿ ನಾನು ಇದೇ ವಾಸನೇಲಿ ಬೆಳೆದಿದ್ದು."

ಬೈರಣ್ಣ ಕಿಸಕ್ಕನೆ ನಕ್ಕ. "ಅದಕ್ಕೇನಾ ಅತ್ತಿಗೆ ಮೂಗು ಅಷ್ಟು ಚುರುಕು."

ಗೋಪಾಲಪ್ಪ ಅವಳ ಮುಖವನ್ನೇ ನೋಡಿದ. "ಸಾರಿಗೆ ಇಂಗು ಜಾಸ್ತಿ ಆದ್ರೆ ಉಣ್ಣಲ್ಲ ನೀನು. ಇದ್ರೊಳಗೆ ಮಲಗ್ತೀಯ?"

ಅವಳು ಬಗ್ಗಿ ಡೇರೆಯೊಳಗೆ ನುಸುಳಿ, ಅಂಗಾತ ಮಲಗಿದಳು. ಬಿಸಿಲಿಗೆ ಕಾದ ಬಟ್ಟೆಯಿಂದ ನಾತ ಬೆವರಿನಂತೆ ಇಳಿಯುತ್ತಿತ್ತು. ಕೆನ್ನೆಗೆ ಏನೋ ಜಿಡ್ಡು ತಾಗಿತು. ಹೊಲಿಗೆಯ ಸಂದಿಯಲ್ಲಿ ಒಂದು ಹುಳ, ಚಪ್ಪಟೆಯಾಗಿ, ಕಂದಾಗಿ, ಅಂಟಿಕೊಂಡೇ ಇತ್ತು. ಹೊಟ್ಟೆಯೊಳಗಿನದೆಲ್ಲ ಗಂಟಲಿಗೆ ಬಂತು. ಗಂಟಲಲ್ಲೇ ತಡೆದು, ಇಬ್ಬರಿಗೆ ಧಾರಾಳವಾಗಿದೆ ಎಂದು ಒಳಗಿನಿಂದ ಕೂಗಿ ಹೇಳಿದಳು.

ಅದನ್ನೇ ಕಟ್ಟಿಸಿದರು. ಸುರುಳಿ ಅವಳ ಕಾಲ ಕೆಳಗೆ ಹಿಡಿಸಿತು. ಬೈರಣ್ಣನನ್ನು ಬಸ್ಸಿಗೆ ಬಿಟ್ಟು ಗಂಡಹೆಂಡಿರು ಊರ ಕಡೆ ಹೊರಟರು. ಪಿಲ್ಲಗುಂಪೆ ದಾಟುವಷ್ಟರಲ್ಲಿ ಅವಳು ಗಾಡಿ ನಿಲ್ಲಿಸಲು ಕೈ ಸನ್ನೆ ಮಾಡಿ, ಇಳಿದು, ಬೇಲಿ ಪಕ್ಕ ಕೂತು ಬೆಳಗಿನ ಮುದ್ದೆಯನ್ನೆಲ್ಲ ಕಕ್ಕಿದಳು. ಗೋಪಾಲಪ್ಪ ಹೂಜಿಯಿಂದ ನೀರು ಬಗ್ಗಿಸಿ ಕೊಟ್ಟ.

"ಬೇಡ ಬಿಡು, ತಿರುಗ್ಸಿ ಕೊಟ್ಬಿಟ್ಟು ಆ ದೊಡ್ಡದನ್ನೇ ತರನ. ಇನ್ನೂ ದೂರ ಬಂದಿಲ್ಲ."

ಬಾಯಿ ಮುಕ್ಕಳಿಸಿದಳು. ಎರಡನೇ ಸಲವೂ ಹೊಟ್ಟೆ ತೊಳೆಸಿತು, ಅದೂ ಆಗಲಿ ಎಂದು ಕಾದಳು. ಆಮೇಲೆ ಎದ್ದು ಬಂದು ಸೈಡ್‌ಕಾರಿಗೆ ಹತ್ತಿ, ಎರಡು ಕಾಲನ್ನೂ ಆ ಗಬ್ಬು ಸುರುಳಿಯ ಮೇಲೆ ಒತ್ತಿ ಇಟ್ಟು ಕೂತಳು.

"ಒದಿರಿ ಕಿಕ್ಕು," ಎಂದಳು.