ಮುಂದಿನ ಎಡ ಚಕ್ರ

ಗಂಡ ಟೈರು ತಟ್ಟುವ ಸದ್ದಿಗೆ ಸೌಮ್ಯ ಮೊದಮೊದಲು ತಲೆ ಕೆಡಿಸಿಕೊಳ್ಳಲಿಲ್ಲ. ಲಾರಿ ಓಡಿಸುವವರೆಲ್ಲ ಹೊರಡುವ ಮುಂಚೆ ಕಬ್ಬಿಣದ ರಾಡಿನಿಂದ ಚಕ್ರಗಳಿಗೆ ಹೊಡೆದು, ಗಾಳಿ ಸರಿಯಾಗಿದೆಯೋ ಇಲ್ಲವೋ ಎಂದು ಸದ್ದಿನಲ್ಲೇ ತಿಳಿದುಕೊಳ್ಳುತ್ತಾರೆ. ಆದರೆ ಬಾಲರಾಜು ಎಲ್ಲ ಚಕ್ರಗಳನ್ನೂ ತಟ್ಟಿ ಮುಗಿಸಿ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದ. ಮುಂದಿನ ಎಡ ಚಕ್ರಕ್ಕೆ ಬಂದಾಗ ರಾಡು ಕೆಳಗಿಟ್ಟು, ರಬ್ಬರಿನ ಮೇಲೆ ಅಂಗೈ ಊರಿ, ಮಗುವಿನ ಜ್ವರ ನೋಡುವವನ ಹಾಗೆ ಕೂತುಬಿಡುತ್ತಿದ್ದ. ಕಲ್ಯ ಎಂಬ ಊರಲ್ಲಿದ್ದ ಅವರ ಮನೆ ಮುಂದೆ ಡೇರಿಗೆ ಹಾಲು ಹಾಕಲು ಹೋಗುವವರು ನಿಂತು ನೋಡಿ ಹೋಗುತ್ತಿದ್ದರು.

ಇದು ಮಹೇಂದ್ರ ಸತ್ತ ಮೇಲೆ ಶುರುವಾದದ್ದು. ಇಬ್ಬರೂ ಜೊತೆಯಲ್ಲೇ ಲಾರಿ ಕಲಿತವರು, ಕನಕಪುರದ ಆಚೆಯ ಕ್ವಾರಿಯಿಂದ ಹಾರೋಹಳ್ಳಿಯ ಪಾಲಿಶ್ ಕಾರ್ಖಾನೆಗೆ ಗ್ರಾನೈಟ್ ಬ್ಲಾಕು ಹೊಡೆಯುತ್ತಿದ್ದವರು. ಆವತ್ತು ಮಹೇಂದ್ರನ ಲಾರಿ ಮುಂದಿತ್ತು, ಬಾಲರಾಜುವಿನದು ಹಿಂದೆ. ಇಳಿಜಾರಿನಲ್ಲಿ ಮಹೇಂದ್ರನ ಲಾರಿಯ ಮುಂದಿನ ಎಡ ಟೈರು ಸಿಡಿಯಿತು. ಲಾರಿ ರಸ್ತೆ ಬಿಟ್ಟು ಮರಕ್ಕೆ ಗುದ್ದಿತು. ಬರೀ ಗುದ್ದಿದ್ದರೆ ಬದುಕುತ್ತಿದ್ದನೇನೋ. ಹಿಂದಿದ್ದ ಕಲ್ಲು ಸರಪಳಿ ಕಿತ್ತುಕೊಂಡು ಕ್ಯಾಬಿನ್ ಮೇಲೆ ಬಂತು. ಬಾಲರಾಜು ಮನೆಗೆ ಬಂದು 'ಟೈರು ಸಿಡೀತು' ಎಂದಷ್ಟೇ ಹೇಳಿ ಗೋಡೆ ಕಡೆ ಮುಖ ಮಾಡಿ ಮಲಗಿದ. ಆಮೇಲೆ ಆ ಮಾತೇ ಎತ್ತಲಿಲ್ಲ.

ಬರುಬರುತ್ತಾ ಅವನ ಟ್ರಿಪ್ಪುಗಳು ತಡವಾಗತೊಡಗಿದವು. ದಾರಿಯುದ್ದಕ್ಕೂ ನಿಲ್ಲಿಸಿ ಇಳಿದು ನೋಡುತ್ತಾನೆಂದು ಬೇಸತ್ತು ಕ್ಲೀನರು ಕೆಲಸ ಬಿಟ್ಟ. ಮುಂದಿನ ಟೈರುಗಳು ನಿಜಕ್ಕೂ ಸವೆದಿದ್ದವು, ಬದಲಿಸಲೇಬೇಕಿತ್ತು. ಬಾಲರಾಜು ರಾಮನಗರದ ಟೈರಂಗಡಿಗೆ ಮತ್ತೆ ಮತ್ತೆ ಹೋದ, ಪ್ರತಿಸಲವೂ ಬರಿಗೈಲಿ ಬಂದ. ಒಂದು ದಿನ ಸೌಮ್ಯ, "ನಡೀರಿ, ನಾನೂ ಬತ್ತೀನಿ" ಎಂದು ಚಪ್ಪಲಿ ಮೆಟ್ಟಿದಳು.

ಅಂಗಡಿಯ ಇಸ್ರಾರ್ ಬಾಲರಾಜುವನ್ನು ಬಹಳ ವರ್ಷದಿಂದ ಬಲ್ಲವನು. ಅವನು ಒಂದೊಂದೇ ಟೈರು ಉರುಳಿಸಿಕೊಂಡು ಬಂದ. ಬಾಲರಾಜು ಒಂದನ್ನು ತೆಳ್ಳಗಿದೆ ಎಂದ. ಇನ್ನೊಂದರ ಪಕ್ಕದಲ್ಲಿ ತಯಾರಾದ ವಾರದ ನಂಬರು ಓದಿ ಹಳೇದು ಎಂದ. ಮೂರನೆಯದನ್ನು ಮುಟ್ಟಿ, ಏನೂ ಕೊಂಕು ಸಿಗದೆ, ಸುಮ್ಮನೆ ಬೇಡವೆಂದು ತಲೆಯಾಡಿಸಿದ.

"ಬಾಲಣ್ಣ, ಹೋದ ವಾರ ಬಂದ ಮಾಲು ಇದು. ಇದ್ರಲ್ಲೇನ್ ತಪ್ಪೈತೆ?"

"ಮಹೇಂದ್ರಂದೂ ಹೊಸದೇ ಅಲ್ವೇನ್ಲಾ ಇಸ್ರಾರು? ಹಾಕ್ಸಿ ಒಂದ್ ತಿಂಗ್ಳೂ ಆಗಿರ್ನಿಲ್ಲ."

ಗಂಡ ಟೈರಿನ ಮೇಲೆ ಮತ್ತೆ ಅಂಗೈ ಊರಿ, ಕೆಂಡ ಮುಟ್ಟಿದವನ ಹಾಗೆ ಕೈ ಕಿತ್ತುಕೊಂಡದ್ದನ್ನು ಸೌಮ್ಯ ಆಗ ಕಂಡಳು. ಇದನ್ನು ಇಷ್ಟು ದಿನ ದುಃಖ ಎಂದುಕೊಂಡಿದ್ದಳು. ಇದು ಹೆದರಿಕೆ. ಇಷ್ಟು ಹೆದರಿದವನು ದಿನಾ ಅಷ್ಟು ತೂಕದ ಕಲ್ಲನ್ನು ಬೆನ್ನ ಹಿಂದೆ ಇಟ್ಟುಕೊಂಡು ಅದೇ ಇಳಿಜಾರು ಇಳಿಯುತ್ತಿದ್ದಾನೆ.

"ಸಿಡೀದೇ ಇರೋ ಟೈರು ಯಾವ್ದು ಸಾಬ್ರೇ? ಅದ್ನೇ ಕೊಡಿ" ಎಂದಳು.

ಇಸ್ರಾರ್ ಕೈಲಿದ್ದ ಟೈರನ್ನು ಗೋಡೆಗೆ ಒರಗಿಸಿದ. "ಅಂಥದ್ದು ಯಾರೂ ಮಾಡಿಲ್ಲ ಅಕ್ಕಾ. ಮಹೇಂದ್ರಣ್ಣ ಹಾಕ್ಸಿದ್ದು ಹೈವೇ ಟೈರು. ಒಳ್ಳೇದೇ, ಮುಂಬೈಗಂಟ ತಣ್ಣಗೆ ಓಡ್ತದೆ. ಆದ್ರೆ ಕ್ವಾರಿ ಕಲ್ಲು ಅದ್ರ ಪಕ್ಕೇನ ಕೊಯ್ದಾಕ್ಬುಡ್ತದೆ. ಹೊರಗೆ ಗೀರು ಕಾಣ್ತದೆ ಅಷ್ಟೇ, ಒಳಗೆ ತಂತಿ ತುಂಡಾಗಿರ್ತದೆ."

"ಮತ್ತೆ ಕ್ವಾರಿಗೆ ಅಂತ್ಲೇ ಬೇರೆ ಇಲ್ವಾ?"

"ಐತೆ. ಪಕ್ಕೆ ದಪ್ಪ, ಕಲ್ಲಿಗೆ ಬಗ್ಗಲ್ಲ. ಆದ್ರೆ ಡಾಂಬರ್ ಮ್ಯಾಲೆ ಜೋರಾಗಿ ಓಡ್ಸುದ್ರೆ ಕಾಯ್ತದೆ. ನಿಧಾನಕ್ಕೆ ಹೋಗ್ಬೇಕು. ಇನ್ನೊಂದ್ ಮಾತು. ಟೈರ್ ಮ್ಯಾಲೆ ಎಷ್ಟು ತೂಕ ಅಂತ ಬರ್ದೈತಲ್ಲ, ಅದ್ರ ಮ್ಯಾಲೆ ಹೇರುದ್ರೆ ದೇವ್ರೇ ಮಾಡಿದ್ ಟೈರಾದ್ರೂ ತಡೆಯಾಕಿಲ್ಲ."

ಬಾಲರಾಜು ಆ ದಪ್ಪ ಪಕ್ಕೆಯ ಟೈರಿನ ಸುತ್ತ ಸುಮ್ಮನೆ ತಿರುಗಿದ. ಕೊನೆಗೆ ಹೂಂ ಎಂದವಳು ಸೌಮ್ಯಳೇ. ಹಾಗೆಂದ ತಕ್ಷಣ ಅವಳಿಗೂ ಭಯವಾಯಿತು. ನಾಳೆ ಏನಾದರೂ ಆದರೆ, ಆರಿಸಿದವಳು ತಾನೇ.

ಅದಕ್ಕೇ ಮರುದಿನ ಕ್ಲೀನರನ ಸೀಟಿನಲ್ಲಿ ಅವಳೇ ಹೋಗಿ ಕೂತಳು. ಬಾಲರಾಜು, "ನೀನ್ಯಾಕೆ? ಇಳ್ಕೊ" ಎಂದ. ಅವಳು ಇಳಿಯಲಿಲ್ಲ. ಇನ್ನೊಮ್ಮೆ ಇಳಿ ಎನ್ನುವ ಜೋರು ಅವನಲ್ಲಿರಲಿಲ್ಲ.

ಕ್ವಾರಿಯಲ್ಲಿ ಕ್ರೇನು ಒಂದು ದೊಡ್ಡ ಬ್ಲಾಕನ್ನು ಇಳಿಸಿತು. ಲಾರಿ ಒಮ್ಮೆ ನರಳಿ ಕೂತಿತು. ಸೂಪರ್‌ವೈಸರು ಇನ್ನೊಂದು ಚಿಕ್ಕ ಕಲ್ಲನ್ನು ತೋರಿಸಿ, "ಇದೂ ಹೋಗ್ಲಿ ಬಾಲಣ್ಣ, ಹೊಸ ಟೈರಲ್ವಾ" ಎಂದ. ಬಾಲರಾಜು ತಲೆ ತಗ್ಗಿಸಿದ. ಕ್ರೇನಿನ ಕೊಕ್ಕೆ ಆಗಲೇ ಆ ಕಲ್ಲಿನ ಕಡೆ ತಿರುಗುತ್ತಿತ್ತು.

ಸೌಮ್ಯ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು, "ಬ್ಯಾಡ! ಇಷ್ಟೇ ಸಾಕು."

"ಯಾರಮ್ಮ ನೀನು?"

"ಇವ್ರ ಹೆಂಡ್ತಿ. ಅದನ್ನ ಹೇರುದ್ರೆ ನೀವೂ ಬಂದು ಇಲ್ಲಿ ನನ್ ಪಕ್ಕ ಕೂತ್ಕೊಳಿ."

ಸೂಪರ್‌ವೈಸರು ಗೊಣಗುತ್ತಾ ಕ್ರೇನಿನವನಿಗೆ ಕೈ ಬೀಸಿದ. ಕೊಕ್ಕೆ ಹಿಂದಕ್ಕೆ ಹೋಯಿತು.

ಕ್ವಾರಿಯ ದಾರಿ ಮುಗಿದು ಡಾಂಬರು ರಸ್ತೆ ಸಿಕ್ಕಿತು. ಬಾಲರಾಜು ಎತ್ತಿನ ಗಾಡಿ ಹೊಡೆಯುವವನಂತೆ ಓಡಿಸಿದ. ಹಿಂದಿನ ಕಾರುಗಳು ಹಾರ್ನು ಬಡಿದು ಬಡಿದು ದಾಟಿಹೋದವು. ಅವನ ಕಿವಿಯೆಲ್ಲ ಎಡ ಚಕ್ರದ ಕಡೆಗೇ ಇತ್ತು. ಅದು ತನ್ನ ಕಾಲಡಿಯಲ್ಲೇ ತಿರುಗುತ್ತಿದೆ ಎಂಬುದು ಸೌಮ್ಯಳಿಗೆ ಆಮೇಲೆ ಹೊಳೆಯಿತು. ಅವಳು ಕಾಲು ಮೇಲಕ್ಕೆ ಎಳೆದುಕೊಂಡಳು. ಅದರಿಂದ ಏನೂ ಪ್ರಯೋಜನವಿಲ್ಲವೆಂದು ಗೊತ್ತಿದ್ದರೂ ಕೆಳಗಿಡಲಾಗಲಿಲ್ಲ.

ಇಳಿಜಾರು ಬಂತು. ಮಹೇಂದ್ರನ ಲಾರಿ ಗುದ್ದಿ ತೊಗಟೆ ಕಿತ್ತಿದ್ದ ಮರ ಕಂಡಿತು. ಅದರ ಕೆಳಗೆ, ತಿರುವಿನಲ್ಲಿ, ಶಿಫ್ಟು ಮುಗಿಸಿದ ಕಾರ್ಖಾನೆಯ ಹೆಂಗಸರು ಬಸ್ಸಿಗೆ ಕಾಯುತ್ತಾ ರಸ್ತೆಯವರೆಗೂ ನಿಂತಿದ್ದರು.

ಆಗ ಗುಂಡು ಹೊಡೆದಂಥ ಸದ್ದಾಯಿತು.

ಸೌಮ್ಯ ಕಿರುಚಿದಳೋ ಇಲ್ಲವೋ ಅವಳಿಗೇ ನೆನಪಿಲ್ಲ. ಇಡೀ ಲಾರಿ ಒಂದು ಪಕ್ಕಕ್ಕೆ ತೂಗಿತು. ಬೆನ್ನ ಹಿಂದೆ ಸರಪಳಿ ಕಿರ್ರೆಂದಿತು. ಆ ಸದ್ದು ಕೇಳಿ ಅವಳು ಕಣ್ಣು ಮುಚ್ಚಿ ತಲೆ ಬಗ್ಗಿಸಿದಳು. ಕಲ್ಲು ಬರುತ್ತದೆ, ಈಗ ಬರುತ್ತದೆ. ಪಕ್ಕದಲ್ಲಿ ಬಾಲರಾಜು, "ಬ್ರೇಕ್ ಬ್ಯಾಡ, ಬ್ರೇಕ್ ಬ್ಯಾಡ" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಗೇರು ಇಳಿಸಿದ ಏಟಿಗೆ ಇಂಜಿನು ಅರಚಿತು. ಅವನು ಹಾರ್ನನ್ನು ಒತ್ತಿ ಹಿಡಿದ. ಅವಳು ಕಣ್ಣು ತೆರೆದಾಗ ಹೆಂಗಸರು ಚೀಲಗಳನ್ನು ಬಿಸಾಕಿ ಚರಂಡಿ ದಾಟಿ ಓಡುತ್ತಿದ್ದರು. ಸ್ಟೇರಿಂಗಿನ ಮೇಲೆ ಅವನ ಎರಡೂ ಕೈ ಕಲ್ಲಿನಂತೆ ನಿಂತಿದ್ದವು. ಲಾರಿ ನಿಧಾನವಾಯಿತು, ಇನ್ನೂ ನಿಧಾನವಾಯಿತು, ಬಸ್ ಸ್ಟಾಪಿಗೆ ಇನ್ನೊಂದು ಮಾರು ದೂರವಿರುವಾಗ ರಸ್ತೆಯಂಚಿನ ಮಣ್ಣಿಗೆ ಇಳಿದು ನಿಂತಿತು.

ಇಬ್ಬರೂ ಅಲುಗಾಡಲಿಲ್ಲ. ಹೊರಗೆ ಯಾರೋ ಹೆಂಗಸು ಜೋರಾಗಿ ಅಳುತ್ತಿದ್ದಳು.

ಬಾಲರಾಜು ಇಳಿದು ಮೊದಲು ಮುಂದಿನ ಎಡ ಚಕ್ರದ ಹತ್ತಿರ ಓಡಿದ. ಅದಕ್ಕೆ ಏನೂ ಆಗಿರಲಿಲ್ಲ. ಸಿಡಿದದ್ದು ಹಿಂದಿನ ಜೋಡಿ ಚಕ್ರದಲ್ಲಿ ಒಳಗಿನದು. ಕ್ವಾರಿಯಲ್ಲಿ ಬಿದ್ದಿದ್ದ ಮುರಿದ ಡ್ರಿಲ್ ರಾಡಿನ ತುಂಡೊಂದು ಹೊಕ್ಕು ನಿಂತಿತ್ತು. ಪಕ್ಕದ ಟೈರು ಭಾರ ಹೊತ್ತುಕೊಂಡಿತ್ತು. ಆ ಇನ್ನೊಂದು ಕಲ್ಲನ್ನೂ ಹೇರಿದ್ದರೆ ಅದು ಹೊರುತ್ತಿತ್ತೋ ಇಲ್ಲವೋ.

ಅವನು ಮಣ್ಣಿನ ಮೇಲೆ ಕುಸಿದು ಕೂತ. ಸೌಮ್ಯ ತಡವಾಗಿ ಇಳಿದು ಬಂದು ಪಕ್ಕದಲ್ಲಿ ಕೂತು ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಆವತ್ತು ಮಹೇಂದ್ರ ಕೂಗ್ದ ಕಣೇ" ಎಂದ ಬಾಲರಾಜು. "ಬಾಲಾ ಅಂತ ಕೂಗ್ದ. ನಂಗೆ ಲಾರಿಯಿಂದ ಇಳಿಯಾಕೇ ಆಗ್ನಿಲ್ಲ. ಕಾಲೇ ಬರ್ನಿಲ್ಲ. ಜನ ಎಲ್ಲ ಓಡ್ಬಂದ್ರು, ನಾನ್ ಒಳ್ಗೇ ಕೂತಿದ್ದೆ."

ಸೌಮ್ಯ ಅವನಿಗೆ ಸಮಾಧಾನ ಹೇಳಲಿಲ್ಲ. "ನಂಗೂ ಈಗ ಕಾಲ್ ಬತ್ತಾ ಇರ್ನಿಲ್ಲ. ನೀವ್ ಇಳಿದ್ ಮ್ಯಾಲೂ ಎಷ್ಟೋ ಹೊತ್ತು ಅಲ್ಲೇ ಕೂತಿದ್ದೆ" ಎಂದಳು.

ಅವನು ಅವಳ ಮುಖ ನೋಡಿದ. "ಭಯ ಆಯ್ತದೆ ಸೌಮ್ಯಾ. ದಿನಾ ಆಯ್ತದೆ."

"ದಿನಾ ಹೇಳಿ ಮತ್ತೆ. ಒಬ್ರೇ ಇಟ್ಕೋಬ್ಯಾಡಿ."

ಹಿಂದೆ ಬಂದ ಇನ್ನೊಂದು ಕಲ್ಲು ಲಾರಿಯ ಡ್ರೈವರ್ ವಜೀರಾ ನಿಲ್ಲಿಸಿ ಜಾಕು ತಂದ. ಭಾರ ಹೊತ್ತ ಲಾರಿಯನ್ನು ಎತ್ತುವುದು ಹುಡುಗಾಟವಲ್ಲ. ಅವನೂ ಬಾಲರಾಜುವೂ ಸೇರಿ ಸ್ಟೆಪ್ನಿ ಚಕ್ರ ಹಾಕಿದರು. ಹೆಂಗಸರು ಬಿಸಾಕಿ ಓಡಿದ್ದ ಚೀಲಗಳನ್ನು ಸೌಮ್ಯ ಆರಿಸಿ ಅವರಿಗೆ ಕೊಟ್ಟುಬಂದಳು. ಅವರು ಬೈಯಲೂ ಇಲ್ಲ, ನಗಲೂ ಇಲ್ಲ. ಒಬ್ಬಳು ಮಾತ್ರ, "ಬದುಕ್ಕೊಂಡ್ವಲ್ಲಕ್ಕಾ" ಎಂದಳು.

ಬಾಲರಾಜು ಸ್ಟೇರಿಂಗ್ ಮುಂದೆ ಕೂತ. ಚಾವಿ ತಿರುಗಿಸಲಿಲ್ಲ. ಮುಂದೆ ಇಳಿಜಾರು ಇನ್ನೂ ಬಾಕಿ ಇತ್ತು.

"ಈಗ್ಲೂ ಆಯ್ತಾ ಐತೆ" ಎಂದ.

"ನಂಗೂ" ಎಂದಳು ಸೌಮ್ಯ. "ಆದ್ರೂ ಒಸಿ ಒಸಿ ಇಳಿಯಾನ, ನಡೀರಿ."

ಇಂಜಿನು ಶುರುವಾಯಿತು. ಕಲ್ಲಿನ ಭಾರಕ್ಕೆ ನರಳುತ್ತಾ ಲಾರಿ ಮಣ್ಣಿನಿಂದ ಡಾಂಬರಿಗೆ ಹತ್ತಿತು.