ಯೋಗನ ಅವ್ವ ಬಂದ ದಿನ

ಹೊನ್ನೇಕಟ್ಟೆ ಕ್ರಾಸಿನಲ್ಲಿ ಬಸ್ಸಿಳಿದ ಹೆಂಗಸು ಸುತ್ತ ಒಮ್ಮೆ ನೋಡಿ, ಅಲ್ಲಿದ್ದ ಒಂದೇ ಹೋಟೆಲಿನ ಮುಂದೆ ಬಂದು ನಿಂತಳು. ಬಣ್ಣ ಹೋದ ಸೀರೆ, ಕೈಯಲ್ಲೊಂದು ವೈರು ಬುಟ್ಟಿ. "ಯೋಗನ್ ಅಮ್ಮಾ," ಎಂದು ತನ್ನ ಎದೆ ಮುಟ್ಟಿ ತೋರಿಸಿದಳು.

ಬೋಂಡ ಕರಿಯುತ್ತಿದ್ದ ಜಯಲಕ್ಷ್ಮಮ್ಮನ ಕೈ ನಿಂತಿತು.

ಯೋಗನಾಥ ಜಾಫ್ನಾದ ಹುಡುಗ. ಯುದ್ಧಕ್ಕೆ ಹೆದರಿ ಅವ್ವನ ಜೊತೆ ದೋಣಿ ಹತ್ತಿ ಬಂದವನು, ತಮಿಳುನಾಡಿನ ನಿರಾಶ್ರಿತರ ಶಿಬಿರದಲ್ಲಿ ಅವಳನ್ನು ಬಿಟ್ಟು ಲಾರಿಯೊಂದರಲ್ಲಿ ಈ ಪಾಂಡವಪುರ-ನಾಗಮಂಗಲ ರಸ್ತೆಗೆ ಬಂದು, ಕುಳ್ಳಯ್ಯನ ಪಂಚರ್ ಅಂಗಡಿಯಲ್ಲಿ ಕೆಲಸಕ್ಕೆ ನಿಂತಿದ್ದ. ತೊಂಬತ್ತೊಂದರ ಕಾವೇರಿ ಗಲಾಟೆಯಲ್ಲಿ ಜಯಲಕ್ಷ್ಮಮ್ಮ ಅವನನ್ನು ಹಿತ್ತಲ ಸೌದೆ ಮನೆಯಲ್ಲಿ ಕೂರಿಸಿ, "ಬಾಯ್ ಬುಟ್ಟೀಯ ಜೋಕೆ," ಎಂದು ಗದರಿಸಿ ಉಳಿಸಿಕೊಂಡಿದ್ದಳು. ಆಮೇಲೆ ಅವನೇ ಇಲ್ಲಿಯ ಮಾತು ಕಲಿತ. "ಅಕ್ಕೋ, ಇನ್ನೊಂದ್ ಮುದ್ದೆ ಬುಡಕ್ಕೋ," ಎಂದು ತಟ್ಟೆ ಹಿಡಿದರೆ ಕೂತವರೆಲ್ಲ ನಗುತ್ತಿದ್ದರು.

ಅಂಥವನನ್ನು ಮುಂದಿನ ವರ್ಷ ಕೊಂದರು. ಆ ದಿನ ಜಯಲಕ್ಷ್ಮಮ್ಮ ಪಾಂಡವಪುರದ ಸಂತೆಗೆ ಹೋಗಿದ್ದಳು. ಬೆಲ್ಲ ತುಂಬಲು ಬಂದ ಸೇಲಂ ಲಾರಿಯ ಡ್ರೈವರ್ ಜೊತೆ ಯೋಗ ತಮಿಳಿನಲ್ಲಿ ನಗುತ್ತಾ ಮಾತಾಡುತ್ತಿದ್ದನಂತೆ. ಟೈರಿಗೆ ಗಾಳಿ ಹೊಡೆಸಲು ಬಂದ ಜೀಪಿನಿಂದ ನಾಲ್ವರು ಇಳಿದರಂತೆ. "ನಮ್ ನೀರ್ ಕುಡ್ಕೊಂಡು ನಮ್ಮೆದ್ರಿಗೇ ತಮಿಳೇನ್ಲಾ?" ಎಂದು ಅಂಗಡಿಯ ಕಬ್ಬಿಣದ ರಾಡಿನಿಂದಲೇ ಬಡಿದು, ಜೀಪಿಗೆ ಹಾಕಿಕೊಂಡು ಹೋದರಂತೆ. ಮಟಮಟ ಮಧ್ಯಾಹ್ನ, ಕ್ರಾಸಿನ ತುಂಬಾ ಜನ. ಇದನ್ನೆಲ್ಲ ಅವಳಿಗೆ ಹೇಳಿದವನು ಕಣ್ಣಾರೆ ಕಂಡಿದ್ದ ಅವಳ ಗಂಡ ಚಿಕ್ಕಯ್ಯನೇ. ಸಂಜೆ ಅವಳು ಸಂತೆಯಿಂದ ಬಂದಾಗ ಬಾಗಿಲು ಹಾಕಿಕೊಂಡು ಹೇಳಿದ. ಬೆಳಿಗ್ಗೆ ಕೆರೆ ಏರಿಯ ಕೆಳಗೆ ಹೆಣ ಸಿಕ್ಕಿತು. ಪೊಲೀಸರು ಬರುವಷ್ಟರಲ್ಲಿ ಚಿಕ್ಕಯ್ಯನ ಮಾತು ಬದಲಾಗಿತ್ತು. "ನಾನು ಒಲದತ್ರ ಇದ್ದೆ ಸ್ವಾಮಿ. ಏನೂ ಕಾಣೆ." ಕುಳ್ಳಯ್ಯನೂ ಕ್ರಾಸಿನ ಉಳಿದವರೂ ಏನೂ ನೋಡಿಲ್ಲವೆಂದರು.

ಜಯಲಕ್ಷ್ಮಮ್ಮ ಠಾಣೆಗೆ ಹೋಗಿ ಗಂಡ ಹೇಳಿದ್ದನ್ನೆಲ್ಲ ಹೇಳಿದಳು. "ನೀನು ಊರಲ್ಲೇ ಇರ್ನಿಲ್ವಲ್ಲಮ್ಮ," ಎಂದರು. "ಕಂಡೋರು ಬಂದು ಯೋಳ್ಬೇಕು." ಕಂಡವರು ಯಾರೂ ಹೋಗಲಿಲ್ಲ. ಕೊಂದವರ ಪತ್ತೆಯಿಲ್ಲವೆಂದು ಬರೆದು ಕೇಸು ಮುಚ್ಚಿದರು.

ಈಗ ಆ ತಾಯಿ ಬೆಂಚಿನ ಮೇಲೆ ಕೂತಿದ್ದಳು. ಕೊಟ್ಟ ನೀರು ಕುಡಿಯಲಿಲ್ಲ. ರಸ್ತೆಯ ಕಡೆ ಕೈ ತೋರಿಸಿ, "ಎಂಗೆ?" ಎಂದಳು. ಮಗನನ್ನು ಕೊಂದದ್ದು ಎಲ್ಲಿ ಎಂದು ಕೇಳುತ್ತಿದ್ದಾಳೆಂದು ಜಯಲಕ್ಷ್ಮಮ್ಮನಿಗೆ ತಿಳಿಯಿತು. ವರ್ಷದಿಂದ ಸಿಟ್ಟು ನುಂಗಿಕೊಂಡೇ ಇದ್ದವಳು ಇನ್ನು ತಡೆಯಲಿಲ್ಲ. ಒಲೆಗೆ ನೀರೆರಚಿ, ಆ ಹೆಂಗಸಿನ ಕೈ ಹಿಡಿದುಕೊಂಡು ರಸ್ತೆ ದಾಟಿದಳು.

"ಕುಳ್ಳಯ್ಯಣ್ಣ, ಮೇಲಕ್ಕೇಳು. ಯೋಗನ್ ಅವ್ವ ಬಂದವ್ಳೆ. ಪೊಲೀಸ್ನೋರ್ಗೆ ಯೋಳಿದ್ನ ಇವಳ ಮೊಕ ನೋಡ್ಕಂಡು ಇನ್ನೊಂದ್ಸಲ ಯೋಳು."

ಕುಳ್ಳಯ್ಯ ಟ್ಯೂಬು ಉಜ್ಜುತ್ತಲೇ, "ಈಗ್ಯಾಕವ್ವ ಅದೆಲ್ಲ," ಎಂದ.

"ನಿನ್ ಅಂಗ್ಡಿ ರಾಡು ಕಣಣ್ಣ! ಯೋಳು!"

"ನಾನೇನೂ ನೋಡ್ಲಿಲ್ಲ," ಎಂದ ಕುಳ್ಳಯ್ಯ, ಟ್ಯೂಬಿಗೆ ಹೇಳುವಂತೆ.

'ಇಲ್ಲ' ಎನ್ನುವುದಕ್ಕೆ ತಮಿಳಿನಲ್ಲೂ ಹೆಚ್ಚುಕಡಿಮೆ ಅದೇ ಮಾತು. ಆ ತಾಯಿಗೆ ಅಷ್ಟು ಅರ್ಥವಾಯಿತು. ತಲೆಯಾಡಿಸಿದಳು.

ಪಕ್ಕದ ಕ್ಷೌರದಂಗಡಿಯ ಮಂಜುನಾಥ ಬಾಗಿಲೆಳೆಯಲು ಹೋದ. ಜಯಲಕ್ಷ್ಮಮ್ಮ ಕಾಲು ಅಡ್ಡ ಕೊಟ್ಟಳು. ಅವನೂ ಇಲ್ಲವೆಂದ. ಡೈರಿಯ ಮುಂದೆ ಕ್ಯಾನು ಹಿಡಿದು ನಿಂತವರು ಒಬ್ಬೊಬ್ಬರೇ ಬೆನ್ನು ತಿರುಗಿಸಿದರು. "ನಿಮ್ ಮನೇಲೂ ಮಕ್ಳವೆ ಕಣ್ರಪ್ಪಾ!" ಎಂದು ಅವಳು ಕೂಗಿದ್ದು ರಸ್ತೆಯ ಆ ತುದಿಗೂ ಕೇಳಿತು. ಅವರು ಕ್ಯಾನಿನ ಮುಚ್ಚಳ ಹಾಕಿಕೊಂಡು ಹೊರಟರು.

ಕೊನೆಗೆ ಹೋಟೆಲಿಗೇ ಮರಳಿ ಬಂದರು. ಗದ್ದಲ ಕೇಳಿ ಓಡಿಬಂದಿದ್ದ ಚಿಕ್ಕಯ್ಯ ಗಲ್ಲಾ ಪೆಟ್ಟಿಗೆಯ ಹಿಂದೆ ನಿಂತಿದ್ದ.

"ಮಾನ ಕಳೀಬ್ಯಾಡ, ಒಳಿಕ್ಕೆ ನಡಿ," ಎಂದ.

"ನೀನೂ ಯೋಳು," ಎಂದಳು ಜಯಲಕ್ಷ್ಮಮ್ಮ. ಮದುವೆಯಾದ ಮೇಲೆ ಗಂಡನನ್ನು ಅವಳು ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ನಂಗ್ ಯೋಳಿದ್ದು ಸುಳ್ಳು ಅಂತ ಈ ತಾಯಿಗ್ ಯೋಳು."

ಚಿಕ್ಕಯ್ಯ ಬಾಯಿ ತೆರೆದ. ಆ ಹೆಂಗಸು ಅವನನ್ನೇ ನೋಡುತ್ತಿದ್ದಳು. 'ನಾನು...' ಎಂದ. ಕುಸಿದು ಕೂತು ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

"ಅಂಗಾದ್ರೆ ಏಳು, ಸ್ಟೇಷನ್ಗೆ ನಡಿ."

"ನಾವಿಲ್ಲೇ ಬದುಕ್ಬೇಕಲ್ಲೇ," ಎಂದ ಟವೆಲಿನೊಳಗಿನಿಂದ. "ಅವ್ರು ನಮ್ನ ಬುಟ್ಟಾರಾ?"

"ಅವನೂ ಇಲ್ಲೇ ಬದುಕ್ಬೇಕು ಅಂತ್ಲೇ ಬಂದಿದ್ದ!"

ಚಿಕ್ಕಯ್ಯ ಏಳಲಿಲ್ಲ.

ಜಯಲಕ್ಷ್ಮಮ್ಮ ಆ ತಾಯಿಯನ್ನು ಕೆರೆ ಏರಿಗೆ ಕರೆದುಕೊಂಡು ಹೋದಳು. ಹೆಣ ಸಿಕ್ಕಿದ ಜಾಗದಲ್ಲಿ ಇಬ್ಬರೂ ಹೊತ್ತು ಇಳಿಯುವವರೆಗೆ ಕೂತಿದ್ದರು. ಸಂಜೆಯ ಬಸ್ಸಿಗೆ ಅವಳನ್ನು ಹತ್ತಿಸಿ ಜಯಲಕ್ಷ್ಮಮ್ಮ ಮನೆಗೆ ಬಂದಳು. ರಾತ್ರಿ ಚಿಕ್ಕಯ್ಯ ತಟ್ಟೆಯ ಮುಂದೆ ಕೂತ. ಅವಳು ಬಡಿಸಲಿಲ್ಲ. ಮಾರನೆಯ ದಿನವೂ ಬಡಿಸಲಿಲ್ಲ. ಅವನು ತಾನೇ ಬಡಿಸಿಕೊಂಡು ಉಣ್ಣುವುದನ್ನು ಕಲಿತ, ಆದರೆ ಠಾಣೆಗೆ ಹೋಗಲಿಲ್ಲ. ಆ ನಾಲ್ವರ ಹೆಸರನ್ನು ಕ್ರಾಸಿನವರು ಯಾರೂ ಇವತ್ತಿಗೂ ಹೇಳಿಲ್ಲ.